ಅನುಷ್ಠಾನ ವಿಜ್ಞಾನ ಕಲಿಯಲು ಯಾವ ದಾರಿ? ಕಲಬುರಗಿ, ಬೀದರ್, ಯಾದಗಿರಿಯ ಸಂಶೋಧಕರಿಗೆ ಒಂದು ಹೋಲಿಕೆ

ಆನೆಕಾಲು ರೋಗದ ನಿರ್ಮೂಲನೆಗಾಗಿ ಐವರ್ಮೆಕ್ಟಿನ್, ಡಿಇಸಿ ಮತ್ತು ಅಲ್ಬೆಂಡಜೋಲ್ ಎಂಬ ಮೂರು ಔಷಧಗಳನ್ನು ಕೆಲವು ಸನ್ನಿವೇಶಗಳಲ್ಲಿ ಒಟ್ಟಿಗೆ ನೀಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು. ಹಳೆಯ ಎರಡು ಔಷಧಗಳ ಕ್ರಮದೊಂದಿಗೆ ಈ ಹೊಸ ಕ್ರಮದ ಸುರಕ್ಷತೆಯನ್ನು ಭಾರತದಲ್ಲಿ ಹೋಲಿಸಿ ನೋಡಿದ ಸಮುದಾಯ ಅಧ್ಯಯನ ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ. ಔಷಧ ಕೆಲಸ ಮಾಡುತ್ತದೆ ಎಂಬುದು ತೀರ್ಮಾನವಾದ ಮೇಲೂ ಪ್ರಶ್ನೆಗಳು ಉಳಿಯುತ್ತವೆ. ಮಾತ್ರೆಯನ್ನು ಮನೆಬಾಗಿಲಿಗೆ ಮುಟ್ಟಿಸುವುದಕ್ಕೂ ಕಣ್ಣೆದುರಿಗೇ ನುಂಗಿಸುವುದಕ್ಕೂ ನಡುವೆ ಇರುವ ಅಂತರ ಎಷ್ಟು, ಹೊಲದ ಕೆಲಸಕ್ಕೆ ನಸುಕಿನಲ್ಲೇ ಹೊರಟುಹೋಗುವವರನ್ನು ಆಶಾ ಕಾರ್ಯಕರ್ತೆ ಯಾವ ಹೊತ್ತಿನಲ್ಲಿ ಕಾಣಬೇಕು, ಮುಂಬೈಗೋ ಪುಣೆಗೋ ಗುಳೆ ಹೋದ ಕುಟುಂಬಗಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು, ಮೈಯಲ್ಲಿ ಯಾವ ತೊಂದರೆಯೂ ಕಾಣದವರು ಮಾತ್ರೆ ಏಕೆ ನುಂಗಬೇಕೆಂದು ಕೇಳಿದಾಗ ಯಾರ ಮಾತಿಗೆ ಬೆಲೆ ಬರುತ್ತದೆ ಎಂಬುವು ಅಂಥ ಪ್ರಶ್ನೆಗಳು. ಇವುಗಳನ್ನು ಊಹೆಗೆ ಬಿಡದೆ ವ್ಯವಸ್ಥಿತವಾಗಿ ಅಧ್ಯಯನ ಮಾಡುವ ಶಾಸ್ತ್ರವೇ ಅನುಷ್ಠಾನ ವಿಜ್ಞಾನ. ಸಾಬೀತಾದ ತಿಳಿವಳಿಕೆಯನ್ನು ಅದು ಬೇಕಾದವರಿಗೆ ಉದ್ದೇಶಪೂರ್ವಕವಾಗಿ ತಲುಪಿಸುವ ಬಗೆಯನ್ನು ಪರಿಶೀಲಿಸುವ ಪ್ರಸರಣ ವಿಜ್ಞಾನ ಅದರ ಜೊತೆಗೇ ಬೆಳೆದುಬಂದಿದೆ.

ಕಲಬುರಗಿಯಲ್ಲಿ ಸಮುದಾಯ ವೈದ್ಯಶಾಸ್ತ್ರ ಬೋಧಿಸುವ ನನ್ನ ಬಳಿ ಸ್ನಾತಕೋತ್ತರ ವಿದ್ಯಾರ್ಥಿಗಳು, ನರ್ಸಿಂಗ್ ಕಾಲೇಜಿನ ಅಧ್ಯಾಪಕರು ಮತ್ತು ಆಗೊಮ್ಮೆ ಈಗೊಮ್ಮೆ ತಾಲ್ಲೂಕು ಆರೋಗ್ಯಾಧಿಕಾರಿಗಳು ಬಂದು, ಇದನ್ನು ಎಲ್ಲಿ ಕಲಿಯಬೇಕೆಂದು ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಆಯ್ಕೆಯ ಅಳತೆಗೋಲು ಮಾತ್ರ ಎಲ್ಲರಿಗೂ ಒಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ: ತರಬೇತಿ ಮುಗಿಸಿ ಊರಿಗೆ ಮರಳಿದ ಆರು ತಿಂಗಳ ಮೇಲೆ, ದತ್ತಾಂಶ ಕೈಕೊಟ್ಟಾಗ ಅಥವಾ ಅಧಿಕಾರಿ ವರ್ಗವಾದಾಗ, ನೀವು ಯಾರಿಗೆ ಫೋನ್ ಮಾಡುತ್ತೀರಿ? ಆ ಹೆಸರನ್ನು ಕೊಡಬಲ್ಲ ತರಬೇತಿ ಒಳ್ಳೆಯದು. ಪ್ರಮಾಣಪತ್ರದ ಮೇಲಿನ ಮುದ್ರೆ ಯಾವ ದೇಶದ್ದು ಎಂಬುದು ಅದರ ಮುಂದೆ ಬಹಳ ಚಿಕ್ಕ ಸಂಗತಿ.

ಖರ್ಚಿಲ್ಲದ ಆನ್‌ಲೈನ್ ಪಾಠಗಳು

ಮೊದಲು ಒಂದು ಗೊಂದಲ ಬಗೆಹರಿಯಬೇಕು. ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು ಪೂರೈಸಲೇಬೇಕಾದ ಬಯೋಮೆಡಿಕಲ್ ಸಂಶೋಧನೆಯ ಮೂಲ ಕೋರ್ಸನ್ನು ಚೆನ್ನೈನ ಐಸಿಎಂಆರ್ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಆನ್‌ಲೈನ್ ಮೂಲಕ ನಡೆಸುತ್ತದೆ. ಅದು ಮಾದರಿ ಗಾತ್ರ, ಪಕ್ಷಪಾತ, ಅಧ್ಯಯನದ ವಿನ್ಯಾಸ, ನೈತಿಕತೆ ಇವುಗಳನ್ನು ಚೆನ್ನಾಗಿ ಕಲಿಸುತ್ತದೆ. ಅದು ತಳಪಾಯ, ಅದನ್ನೇ ಅನುಷ್ಠಾನ ವಿಜ್ಞಾನದ ತರಬೇತಿ ಎಂದುಕೊಳ್ಳಬಾರದು.

ಆ ತಳಪಾಯದ ಮೇಲೆ ಕಟ್ಟಲು ಎರಡು ಉಚಿತ ಪಾಠಮಾಲೆಗಳನ್ನು ಹೋಲಿಸಿ ನೋಡಬಹುದು. ಒಂದು, ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ನೆಲೆ ಹೊಂದಿರುವ, 1975ರಲ್ಲಿ ಆರಂಭವಾದ ಉಷ್ಣವಲಯದ ರೋಗಗಳ ವಿಶೇಷ ಕಾರ್ಯಕ್ರಮವಾದ ಟಿಡಿಆರ್ ರೂಪಿಸಿದ ಅನುಷ್ಠಾನ ಸಂಶೋಧನೆಯ ಮುಕ್ತ ಕೋರ್ಸು. ಇನ್ನೊಂದು, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕ್ಯಾನ್ಸರ್ ಕ್ಷೇತ್ರದ ಪ್ರಸರಣ ಮತ್ತು ಅನುಷ್ಠಾನ ಸಂಶೋಧನೆಗಾಗಿ ನಡೆಸುವ ತನ್ನ ಟಿಐಡಿಐಆರ್‌ಸಿ ತರಬೇತಿಯ ಪಾಠಗಳನ್ನು ಎಲ್ಲರಿಗೂ ತೆರೆದಿಟ್ಟಿರುವ ಸಂಗ್ರಹ. ಸಿದ್ಧಾಂತ, ಮಾಪನ ಮತ್ತು ಅಧ್ಯಯನ ವಿನ್ಯಾಸಗಳ ವಿವರಣೆಯಲ್ಲಿ ಎರಡನೆಯದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಅನುಷ್ಠಾನಕ್ಕೆ ಅಡ್ಡಿಯಾಗುವ ಮತ್ತು ನೆರವಾಗುವ ಅಂಶಗಳನ್ನು ಗುರುತಿಸಲು 2009ರಲ್ಲಿ ಪ್ರಕಟವಾದ ಸಿಎಫ್‌ಐಆರ್ ಚೌಕಟ್ಟು, ಕಾರ್ಯಕ್ರಮ ಎಷ್ಟು ಜನರನ್ನು ತಲುಪಿತು, ಎಷ್ಟು ಉಳಿಯಿತು ಎಂಬುದನ್ನು ಅಳೆಯುವ 1999ರ ರೀ-ಏಮ್ ಚೌಕಟ್ಟು, ಚಿಕಿತ್ಸೆಯ ಪರಿಣಾಮವನ್ನೂ ಅನುಷ್ಠಾನವನ್ನೂ ಒಂದೇ ಅಧ್ಯಯನದಲ್ಲಿ ನೋಡುವ ಮಿಶ್ರ ವಿನ್ಯಾಸಗಳು ಇವುಗಳ ಪರಿಚಯಕ್ಕೆ ಅದು ಉತ್ತಮ ಆಕರ. ಆದರೆ ಅದರ ಉದಾಹರಣೆಗಳಲ್ಲಿ ಬರುವ ಕ್ಲಿನಿಕ್ಕು, ವಿಮೆ, ಸಿಬ್ಬಂದಿಯ ಪ್ರಮಾಣ ಎಲ್ಲವೂ ಅಮೆರಿಕದವು. ಶಹಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವರಿಗೆ ಆ ಜಗತ್ತು ತಮ್ಮದೆನಿಸಲು ಹೊತ್ತು ಬೇಕಾಗುತ್ತದೆ. ಟಿಡಿಆರ್‌ನ ಪಾಠಗಳು ಮಲೇರಿಯಾ, ಕ್ಷಯ, ಆನೆಕಾಲು ಮೊದಲಾದ ರೋಗಗಳ ಸುತ್ತ ಹೆಣೆದವು. ಸಮಸ್ಯೆಯನ್ನು ಸಂಶೋಧಕನೊಬ್ಬನೇ ಮೇಜಿನ ಮುಂದೆ ಕುಳಿತು ಬರೆಯದೆ, ಕಾರ್ಯಕ್ರಮ ನಡೆಸುವವರ ಜೊತೆ ಕುಳಿತು ಗುರುತಿಸಬೇಕೆಂಬುದನ್ನು ಅವು ಮೊದಲ ಹೆಜ್ಜೆಯಾಗಿಯೇ ಕಲಿಸುತ್ತವೆ.

ಆದ್ದರಿಂದ ಟಿಡಿಆರ್‌ನದನ್ನು ಮೊದಲು ಮುಗಿಸಿ, ನಿಮ್ಮ ಪ್ರಶ್ನೆ ಒಂದು ಆಕಾರಕ್ಕೆ ಬಂದ ಮೇಲೆ ಟಿಐಡಿಐಆರ್‌ಸಿಯಿಂದ ಬೇಕಾದ ಅಧ್ಯಾಯಗಳನ್ನು ಮಾತ್ರ ಆರಿಸಿಕೊಂಡು ಓದುವುದು ನಾನು ಸೂಚಿಸುವ ಕ್ರಮ. ಈ ಎರಡರಲ್ಲಿಯೂ ಇರುವ ಕೊರತೆ ಒಂದೇ: ನಿಮ್ಮ ಪ್ರಸ್ತಾವನೆಯ ಮೇಲೆ ಕೆಂಪು ಶಾಯಿ ಆಡಿಸುವವರು ಯಾರೂ ಸಿಗುವುದಿಲ್ಲ. ಒಬ್ಬರೇ ಕಲಿಯಲು ಹೊರಟವರು ಮೂರನೆಯ ವಾರಕ್ಕೆ ನಿಲ್ಲಿಸುವುದನ್ನು ಕಂಡಿದ್ದೇನೆ. ನಾಲ್ವರು ಸೇರಿ ಪ್ರತಿ ಶನಿವಾರ ಮಧ್ಯಾಹ್ನ ಒಂದೊಂದು ಪಾಠವನ್ನು ತಮ್ಮ ಜಿಲ್ಲೆಯ ಒಂದು ಸಮಸ್ಯೆಗೆ ಹಚ್ಚಿ ಚರ್ಚಿಸಿದ ಗುಂಪು ಪೂರ್ತಿಗೊಳಿಸಿದ್ದನ್ನೂ ಕಂಡಿದ್ದೇನೆ.

ಎರಡು ಮೂರು ದಿನಗಳ ಕಾರ್ಯಾಗಾರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೊಸ ಪದಗಳ ಪರಿಚಯಕ್ಕೆ, ಮುಖ್ಯವಾಗಿ ಮುಂದೆ ಮಾರ್ಗದರ್ಶಕರಾಗಬಲ್ಲವರನ್ನು ಮುಖಾಮುಖಿ ಕಾಣುವುದಕ್ಕೆ ಅವು ಉಪಯುಕ್ತ. ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬಾರದು.

ಸಾರ್ಟ್ ಇಟ್: ಇರುವ ದಾಖಲೆಯಿಂದ ಪ್ರಬಂಧದವರೆಗೆ

ನಮ್ಮ ಭಾಗದವರಿಗೆ ಹೆಚ್ಚು ಗಂಭೀರವಾಗಿ ಪರಿಗಣಿಸಲು ಯೋಗ್ಯವಾದದ್ದು ಸಾರ್ಟ್ ಇಟ್ ಎಂದು ಕರೆಯಲಾಗುವ ಕಾರ್ಯಾಚರಣೆ ಸಂಶೋಧನೆಯ ತರಬೇತಿ. ಕ್ಷಯರೋಗದ ವಿರುದ್ಧ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಘಟನೆಯಾದ ದಿ ಯೂನಿಯನ್ ಮತ್ತು ಗಡಿರಹಿತ ವೈದ್ಯರ ಸಂಸ್ಥೆ 2009ರಲ್ಲಿ ಆರಂಭಿಸಿದ ಮಾದರಿಯನ್ನು ಈಗ ಟಿಡಿಆರ್ ಸಮನ್ವಯಗೊಳಿಸುತ್ತಿದೆ. ಭಾರತದಲ್ಲಿ ಚೆನ್ನೈನ ಐಸಿಎಂಆರ್ ಸಂಸ್ಥೆಯೂ ಇದನ್ನು ನಡೆಸಿದೆ. ಇದರ ರಚನೆ ಬಿಗಿಯಾದದ್ದು. ಮೊದಲ ಘಟ್ಟದಲ್ಲಿ ಪ್ರಶ್ನೆ ಮತ್ತು ಕಾರ್ಯಯೋಜನೆ ಸಿದ್ಧವಾಗಬೇಕು, ಎರಡನೆಯದರಲ್ಲಿ ದತ್ತಾಂಶದ ದಾಖಲು ಮತ್ತು ವಿಶ್ಲೇಷಣೆ ಕಲಿಯಬೇಕು, ಮೂರನೆಯದರಲ್ಲಿ ಪ್ರಬಂಧ ಬರೆದು ಅದು ಮುಗಿದ ನಾಲ್ಕು ವಾರಗಳೊಳಗೆ ನಿಯತಕಾಲಿಕಕ್ಕೆ ಕಳುಹಿಸಬೇಕು. ಯಾವುದೇ ಘಟ್ಟದ ಗುರಿ ತಪ್ಪಿದವರು ಮುಂದಿನ ಘಟ್ಟಕ್ಕೆ ಹೋಗುವಂತಿಲ್ಲ. ಕೇಳುವಾಗ ಕಠಿಣವೆನಿಸುವ ಈ ನಿಯಮವೇ, ಹೊರರೋಗಿ ವಿಭಾಗದ ದಟ್ಟಣೆಯ ನಡುವೆ ಬರವಣಿಗೆಯನ್ನು ಮುಂದೂಡುತ್ತಲೇ ಹೋಗುವ ನಮ್ಮಂಥವರಿಗೆ ಬೆನ್ನೆಲುಬಾಗುತ್ತದೆ.

ಕಾರ್ಯಕ್ರಮದಲ್ಲಿ ಆಗಲೇ ಇರುವ ದಾಖಲೆಗಳನ್ನು ಬಳಸುವುದು ಇದರ ಇನ್ನೊಂದು ಅನುಕೂಲ. ಕ್ಷಯರೋಗಿಗಳ ವಿವರ ಸೇರುವ ನಿಕ್ಷಯ್ ವ್ಯವಸ್ಥೆ, ತಾಯಂದಿರ ಮತ್ತು ಮಕ್ಕಳ ಆರೋಗ್ಯದ ನೋಂದಣಿ, ಹೆರಿಗೆ ಕೋಣೆಯ ರಿಜಿಸ್ಟರು ಇವೆಲ್ಲ ತಾಲ್ಲೂಕು ಕಚೇರಿಗಳಲ್ಲಿ ದಿನವೂ ತುಂಬುತ್ತವೆ, ಆದರೆ ಮೇಲಿನವರಿಗೆ ವರದಿ ಹೋದ ಮೇಲೆ ಅವುಗಳನ್ನು ಪ್ರಶ್ನೆ ಇಟ್ಟುಕೊಂಡು ಓದುವವರು ವಿರಳ. ಈ ಪರಂಪರೆ ಕರ್ನಾಟಕಕ್ಕೆ ಹೊಸದೂ ಅಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಹಳ್ಳಿಯ ರೋಗಿಗಳು ತಾವಾಗಿ ಆಸ್ಪತ್ರೆಗೆ ಬರುವುದಿಲ್ಲವೆಂಬ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕೆಮ್ಮಿನ ಔಷಧದ ಬಾಟಲಿ ಹಿಡಿದು ಮರಳಿದ್ದರು. ಕೊರತೆ ರೋಗಿಯ ಅರಿವಿನಲ್ಲಿ ಇರಲಿಲ್ಲ, ಅವನು ಬಂದಾಗ ನಾವು ಮಾಡಿದ್ದರಲ್ಲಿ ಇತ್ತು. ಅನುಷ್ಠಾನ ವಿಜ್ಞಾನ ಎಂಬ ಹೆಸರು ಚಾಲ್ತಿಗೆ ಬರುವ ಎಷ್ಟೋ ದಶಕಗಳ ಮೊದಲೇ ನಡೆದ ಈ ಕೆಲಸವನ್ನು ನಾನು ಪ್ರತಿ ಹೊಸ ತಂಡಕ್ಕೂ ಮೊದಲ ದಿನವೇ ಹೇಳುತ್ತೇನೆ.

ಆದರೆ ಇದರ ಎಲ್ಲೆಯನ್ನು ತಿಳಿದಿರಬೇಕು. ನಡೆಯುತ್ತಿರುವ ಕಾರ್ಯಕ್ರಮದಲ್ಲಿ ಏನಾಯಿತು, ಎಲ್ಲಿ ಸೋರಿತು ಎಂಬುದನ್ನು ಸಾರ್ಟ್ ಇಟ್ ತೋರಿಸಿಕೊಡುತ್ತದೆ. ಸೋರಿಕೆಯನ್ನು ತಡೆಯಲು ಹೂಡಿದ ಎರಡು ತಂತ್ರಗಳಲ್ಲಿ ಯಾವುದು ಮೇಲು ಎಂದು ಪರೀಕ್ಷಿಸುವ ವಿದ್ಯೆಗೆ ಅದರಾಚೆ ಹೋಗಬೇಕಾಗುತ್ತದೆ. ಪ್ರಸರಣದ ಮಾತಿಗೆ ಬಂದರೆ, ಪ್ರಬಂಧ ಪ್ರಕಟವಾಯಿತೆಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಾನೇ ಮಾರ್ಗದರ್ಶನ ಮಾಡಿದ ಒಂದು ಪ್ರಬಂಧ ಒಳ್ಳೆಯ ನಿಯತಕಾಲಿಕದಲ್ಲಿ ಅಚ್ಚಾಗಿ ಎಂಟು ತಿಂಗಳಾದ ಮೇಲೂ, ಯಾವ ತಾಲ್ಲೂಕಿನ ದಾಖಲೆಗಳಿಂದ ಅದು ಹುಟ್ಟಿತೋ ಆ ತಾಲ್ಲೂಕಿನ ಸಿಬ್ಬಂದಿಗೆ ಅದರ ಸುಳಿವೇ ಇರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ, ತಿಂಗಳ ಸಭೆಯಲ್ಲಿ ಹಂಚಲು ಎರಡು ಪುಟದ ಕನ್ನಡ ಟಿಪ್ಪಣಿ ಸಿದ್ಧವಾಗದೆ ಪ್ರಬಂಧವನ್ನು ಹೊರಗೆ ಕಳುಹಿಸಲು ನಾನು ಸಹಿ ಹಾಕುವುದಿಲ್ಲ.

ಪದವಿ ಮತ್ತು ದೀರ್ಘ ಮಾರ್ಗದರ್ಶನ

ಪೂರ್ಣ ಪ್ರಮಾಣದ ಪದವಿ ಬೇಕೆನ್ನುವವರಿಗೆ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಮತ್ತು ಚೆನ್ನೈನ ಐಸಿಎಂಆರ್ ಸಂಸ್ಥೆಯ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗಳಿವೆ. ಬೀದರ್ ಮತ್ತು ಕಲಬುರಗಿಯವರಿಗೆ ಹೈದರಾಬಾದಿನ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಬೆಂಗಳೂರಿಗಿಂತ ಹತ್ತಿರದ್ದು. ಅನುಷ್ಠಾನ ಸಂಶೋಧನೆಯನ್ನೇ ಮುಖ್ಯವಾಗಿಟ್ಟುಕೊಂಡ ಸ್ನಾತಕೋತ್ತರ ಪದವಿಗಾಗಿ ಟಿಡಿಆರ್ ವಿದ್ಯಾರ್ಥಿವೇತನ ಕೊಡುತ್ತಾ ಬಂದಿರುವ ವಿಶ್ವವಿದ್ಯಾಲಯಗಳಲ್ಲಿ ಢಾಕಾದ ಬ್ರ್ಯಾಕ್ ಮತ್ತು ಇಂಡೊನೇಷ್ಯಾದ ಗಜ ಮಾಡ ಸೇರಿವೆ. ವೃತ್ತಿಯನ್ನೇ ಸಂಶೋಧನೆಯಾಗಿಸಿಕೊಳ್ಳುವವರಿಗೆ ಪದವಿ ಸರಿಯಾದ ಹೂಡಿಕೆ. ಸರ್ಕಾರಿ ಸೇವೆಯಲ್ಲಿರುವವರು ಮಾತ್ರ, ಅಧ್ಯಯನ ರಜೆ ಮುಗಿಸಿ ಮರಳಿದಾಗ ತಮ್ಮ ಹುದ್ದೆ ಯಾವ ಜಿಲ್ಲೆಯಲ್ಲಿರುತ್ತದೆ ಎಂಬುದನ್ನು ಆಲೋಚಿಸಿ ಹೊರಡಬೇಕು. ಒಂದು ಜಿಲ್ಲೆಯೊಂದಿಗೆ ಕಟ್ಟಿಕೊಂಡ ನಂಟು ಕಳಚಿದರೆ ಈ ಶಾಸ್ತ್ರದಲ್ಲಿ ಬಹುಪಾಲು ಬಂಡವಾಳವೇ ಕಳೆದಂತೆ.

ಇನ್ನೊಂದು ಬಗೆಯದು ಮಾರ್ಗದರ್ಶನ ಆಧಾರಿತ ಫೆಲೋಶಿಪ್. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಆರಂಭವಾದ, ಮಾನಸಿಕ ಆರೋಗ್ಯ ಸಂಶೋಧಕರಿಗಾಗಿ ಎರಡು ವರ್ಷ ನಡೆಯುವ ಅನುಷ್ಠಾನ ಸಂಶೋಧನಾ ಸಂಸ್ಥೆ ಇದಕ್ಕೆ ಪ್ರಸಿದ್ಧ ಉದಾಹರಣೆ. 2011ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಆರಂಭಿಸಿದ ಬೇಸಿಗೆಯ ತರಬೇತಿ ಇನ್ನೊಂದು. ಇವು ಅಲ್ಲಿನ ಅನುದಾನ ವ್ಯವಸ್ಥೆಗೆ ಹೊಂದಿಸಿದವು. ಇಲ್ಲಿಂದ ನೇರವಾಗಿ ಸೇರಲು ಹೊರಡುವುದು ಹೆಚ್ಚಿನವರಿಗೆ ದೂರದ ಮಾತು. ಆದರೂ ಅವುಗಳ ವಿನ್ಯಾಸದಿಂದ ಕಲಿಯಬೇಕಾದದ್ದು ಬಹಳ ಇದೆ. ಒಂದು ವಾರ ಒಟ್ಟಿಗೆ ಕುಳಿತು ಕಲಿಯುವುದು, ಉಳಿದ ತಿಂಗಳುಗಳಲ್ಲಿ ತನ್ನದೇ ಯೋಜನೆಯ ಮೇಲೆ ಕೆಲಸ ಮಾಡುತ್ತಾ ಮಾರ್ಗದರ್ಶಕರೊಡನೆ ನಿಯಮಿತವಾಗಿ ಮಾತನಾಡುವುದು, ಕಾರ್ಯಕ್ರಮವೊಂದು ನಿಜವಾಗಿ ನಡೆಯುವ ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡುವುದು ಈ ಮಾದರಿಯ ತಿರುಳು.

ಈ ತಿರುಳು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷ್ಯವಿದೆ. ತಾಯಿ ಮತ್ತು ನವಜಾತ ಶಿಶುಗಳ ಆರೋಗ್ಯಕ್ಕಾಗಿನ ಸುಕ್ಷೇಮ ಯೋಜನೆಯಡಿ ಕಲಬುರಗಿ ಮತ್ತು ಬಳ್ಳಾರಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎರಡು ಗುಂಪು ಮಾಡಿ ನಡೆಸಿದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪಿನ ಕೇಂದ್ರಗಳಿಗೆ ಅನುಭವಿ ನರ್ಸ್ ಮಾರ್ಗದರ್ಶಕಿಯರು ಮತ್ತೆ ಮತ್ತೆ ಹೋಗಿ ಹೆರಿಗೆ ಕೋಣೆಯಲ್ಲೇ ಸಿಬ್ಬಂದಿಯ ಜೊತೆ ನಿಂತು ಕಲಿಸಿದರು. ಆ ಕೇಂದ್ರಗಳಲ್ಲಿ ಸಿದ್ಧತೆಯೂ ನರ್ಸುಗಳ ತಿಳಿವಳಿಕೆಯೂ ಉತ್ತಮಗೊಂಡವು. ಇದರ ಪಕ್ಕದಲ್ಲಿಟ್ಟು ಓದಬೇಕಾದದ್ದು ಉತ್ತರ ಪ್ರದೇಶದ 120 ಹೆರಿಗೆ ಕೇಂದ್ರಗಳಲ್ಲಿ, 1.5 ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡು ನಡೆದು 2017ರಲ್ಲಿ ಪ್ರಕಟವಾದ ಬೆಟರ್‌ಬರ್ತ್ ಪ್ರಯೋಗ. ಸುರಕ್ಷಿತ ಹೆರಿಗೆಯ ಪರಿಶೀಲನಾ ಪಟ್ಟಿಯನ್ನು ಬಳಸಲು ಅಲ್ಲಿ ಎಂಟು ತಿಂಗಳು ತರಬೇತುದಾರರು ಜೊತೆ ನಿಂತರು. ಎರಡನೆಯ ತಿಂಗಳಲ್ಲಿ ಪಾಲಿಸಬೇಕಾದ ಕ್ರಮಗಳಲ್ಲಿ ಸುಮಾರು ಶೇಕಡಾ 73ರಷ್ಟು ಪಾಲನೆಯಾಗುತ್ತಿದ್ದವು, ಹೋಲಿಕೆಯ ಕೇಂದ್ರಗಳಲ್ಲಿ ಶೇಕಡಾ 42. ಹನ್ನೆರಡನೆಯ ತಿಂಗಳಿಗೆ, ಅಂದರೆ ತರಬೇತುದಾರರು ಹೊರಟುಹೋದ ಮೇಲೆ, ಆ ಪ್ರಮಾಣ ಶೇಕಡಾ 62ಕ್ಕೆ ಇಳಿಯಿತು. ತಾಯಿ ಮತ್ತು ಶಿಶುವಿನ ಸಾವು ಮಾತ್ರ ಕಡಿಮೆಯಾಗಲಿಲ್ಲ. ಪಾಲನೆ ಹೆಚ್ಚಿತು, ಫಲ ಬದಲಾಗಲಿಲ್ಲ: ಈ ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿಸದ ತರಬೇತಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ತರಬೇತುದಾರರು ಹೋದ ಮೇಲೆ ನರ್ಸುಗಳಿಗೆ ಆದದ್ದು ನಾಳೆ ಮಾರ್ಗದರ್ಶಕರಿಲ್ಲದ ಸಂಶೋಧಕರಿಗೂ ಆಗುತ್ತದೆ.

ತರಬೇತಿಯ ಫಲ ಊರಿನಿಂದ ಊರಿಗೆ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು. ತುಮಕೂರು ಜಿಲ್ಲೆಯ ಆರೋಗ್ಯ ವ್ಯವಸ್ಥಾಪಕರಿಗೆ ನೀಡಿದ ಸಾಮರ್ಥ್ಯವರ್ಧನೆಯ ತರಬೇತಿಯನ್ನು ಮೌಲ್ಯಮಾಪನ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನ, ಅದೇ ತರಬೇತಿ ಒಂದು ತಾಲ್ಲೂಕಿನಲ್ಲಿ ಬೇರೂರಿ ಇನ್ನೊಂದರಲ್ಲಿ ಒಣಗಿದ್ದಕ್ಕೆ ಕಾರಣಗಳನ್ನು ತಂಡದ ಬದ್ಧತೆ, ವ್ಯಕ್ತಿಯ ಆತ್ಮವಿಶ್ವಾಸ ಮತ್ತು ಮೇಲಿನವರ ಬೆಂಬಲದಲ್ಲಿ ಹುಡುಕಿತು.

ಇಲ್ಲೇ ಕಟ್ಟಿಕೊಳ್ಳುವ ಗುಂಪು

ಹೀಗಾಗಿ, ಮೇಲಿನ ಯಾವ ಆಯ್ಕೆಯ ಜೊತೆಗಾದರೂ ಸೇರಿಸಿಕೊಳ್ಳಲೇಬೇಕೆಂದು ನಾನು ಹೇಳುವುದು ಸ್ಥಳೀಯ ಅಧ್ಯಯನ ಗುಂಪನ್ನು. ಕಲಬುರಗಿ ನಗರವೊಂದರಲ್ಲೇ ಜಿಮ್ಸ್, ಇಎಸ್‌ಐಸಿ, ಮಹಾದೇವಪ್ಪ ರಾಂಪುರೆ, ಖಾಜಾ ಬಂದಾನವಾಜ್ ವೈದ್ಯಕೀಯ ಕಾಲೇಜುಗಳಿವೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಹೊಸ ವೈದ್ಯಕೀಯ ಕಾಲೇಜು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಸಮಾಜವಿಜ್ಞಾನದ ವಿಭಾಗಗಳಿರುವ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ವೈದ್ಯರಷ್ಟೇ ಕೂಡಿದರೆ ಗುಂಪು ಪೂರ್ಣವಾಗುವುದಿಲ್ಲ. ಸಂದರ್ಶನ ನಡೆಸಿ ಅರ್ಥ ಬಿಡಿಸಬಲ್ಲ ಸಮಾಜವಿಜ್ಞಾನಿಯೊಬ್ಬರು, ಜಿಲ್ಲಾ ಆರೋಗ್ಯ ಕಚೇರಿಯಿಂದ ಕಾರ್ಯಕ್ರಮಾಧಿಕಾರಿಯೊಬ್ಬರು ಮತ್ತು ಸಾಧ್ಯವಾದರೆ ಕೃಷಿ ವಿಸ್ತರಣೆಯವರೊಬ್ಬರು ಇರಬೇಕು.

ಕೃಷಿಯವರೇಕೆ ಎಂದು ಕೇಳುವವರಿಗಾಗಿ ಒಂದು ಮಾತು. ಹೊಸ ಪದ್ಧತಿ ಜನರಲ್ಲಿ ಹೇಗೆ ಹಬ್ಬುತ್ತದೆ ಎಂಬ ಅಧ್ಯಯನ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ, ಹೊಲದಲ್ಲಿ ಹುಟ್ಟಿದ್ದು. ಅಮೆರಿಕದ ಅಯೋವಾದ ರೈತರು ಹೈಬ್ರಿಡ್ ಮೆಕ್ಕೆಜೋಳವನ್ನು ಒಪ್ಪಿಕೊಂಡ ಬಗೆಯ ಕುರಿತು 1943ರಲ್ಲಿ ಪ್ರಕಟವಾದ ಅಧ್ಯಯನ ಅದರ ಬೇರುಗಳಲ್ಲಿ ಒಂದು. ನಮ್ಮಲ್ಲಿ ತೊಗರಿಯ ಕುಡಿ ಚಿವುಟುವ ಪದ್ಧತಿಯನ್ನು ರೈತರಿಗೆ ಮುಟ್ಟಿಸಲು ದುಡಿದ ವಿಸ್ತರಣಾ ಕಾರ್ಯಕರ್ತರಿಗೆ, ತೋರಿಸಿಕೊಟ್ಟ ಹೊಲ ಪಕ್ಕದ ಬದುವಿನಾಚೆ ಏನು ಮಾಡುತ್ತದೆ, ಕೂಲಿಯವರು ಸಿಗದ ವರ್ಷ ಏನಾಗುತ್ತದೆ ಎಂಬುದು ಪುಸ್ತಕವಿಲ್ಲದೆಯೇ ಗೊತ್ತು.

ಗುಂಪಿನ ಮೊದಲ ಕೆಲಸವಾಗಿ ಪದಗಳನ್ನು ನಮ್ಮ ಮಾತಿಗೆ ತರುವುದನ್ನು ಇಟ್ಟುಕೊಳ್ಳಿ. 2011ರಲ್ಲಿ ಪಟ್ಟಿಮಾಡಲಾದ ಅನುಷ್ಠಾನದ ಎಂಟು ಫಲಿತಾಂಶಗಳಲ್ಲಿ ಸ್ವೀಕಾರಾರ್ಹತೆ ಮತ್ತು ಯುಕ್ತತೆ ಬೇರೆ ಬೇರೆ. ಪ್ರಶ್ನಾವಳಿಯಲ್ಲಿ ಇವೆರಡನ್ನೂ ಗ್ರಂಥದ ಕನ್ನಡದಲ್ಲಿ ಕೇಳಿದರೆ ಜೇವರ್ಗಿಯ ತಾಯಿಯೊಬ್ಬಳು ಎರಡಕ್ಕೂ ಒಂದೇ ಉತ್ತರ ಕೊಡುತ್ತಾಳೆ. "ಗುಳಿಗಿ ತಗೊಳ್ಳಾಕ ಮನಸ್ಸದ ಏನ್ರಿ?" ಎಂಬುದು ಒಂದು ಪ್ರಶ್ನೆ, "ನಮ್ಮ ಊರಿಗಿ ಇದು ಹೊಂದ್ತದ ಏನ್ರಿ?" ಎಂಬುದು ಇನ್ನೊಂದು, ಹೀಗೆ ಕೇಳಿದಾಗ ಉತ್ತರಗಳು ತಾವಾಗಿ ಬೇರ್ಪಡುತ್ತವೆ. ಭಾಲ್ಕಿ, ಆಳಂದದ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು, ಪಟ್ಟಣಗಳಲ್ಲಿ ದಖ್ಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಇರುವ ನಮ್ಮ ಭಾಗದಲ್ಲಿ ಇದು ಕೊನೆಯಲ್ಲಿ ಮಾಡುವ ಅನುವಾದದ ಕೆಲಸವಾಗಬಾರದು, ಅಧ್ಯಯನದ ವಿನ್ಯಾಸದ ಭಾಗವಾಗಬೇಕು. ಹೊರಗಿನ ಯಾವ ತರಬೇತಿಯೂ ಇದನ್ನು ನಮಗಾಗಿ ಮಾಡಿಕೊಡುವುದಿಲ್ಲ.

ಯಾರಿಗೆ ಯಾವುದು

ಎಂಡಿ ಮೊದಲ ವರ್ಷದಲ್ಲಿರುವವರು ತಮ್ಮ ಪ್ರಬಂಧದ ರೂಪುರೇಷೆಯಾದ ಸಿನಾಪ್ಸಿಸ್ ಸಲ್ಲಿಸುವ ಮೊದಲೇ ಟಿಡಿಆರ್‌ನ ಪಾಠಗಳನ್ನು ಮುಗಿಸಬೇಕು. ಸಲ್ಲಿಸಿದ ಮೇಲೆ ಕಲಿತದ್ದು ಆ ಪ್ರಬಂಧಕ್ಕೆ ಒದಗುವುದಿಲ್ಲ. ಅವರಿಗೆ ಪೂರ್ಣ ಪ್ರಯೋಗಕ್ಕೆ ಸಮಯ ಸಾಲದು, ಆದರೆ ಒಂದು ಕಾರ್ಯಕ್ರಮದ ಅಡೆತಡೆಗಳನ್ನು ಒಂದು ಚೌಕಟ್ಟಿನ ಸಹಾಯದಿಂದ ಎರಡು ಮೂರು ಕೇಂದ್ರಗಳಲ್ಲಿ ಆಳವಾಗಿ ನೋಡಲು ಧಾರಾಳವಾಗಿ ಸಾಕು.

ಸೇವೆಯಲ್ಲಿರುವ ತಾಲ್ಲೂಕು ಆರೋಗ್ಯಾಧಿಕಾರಿಗೆ ಸಾರ್ಟ್ ಇಟ್ ಬಗೆಯ ತರಬೇತಿ ಎಲ್ಲಕ್ಕಿಂತ ಹೆಚ್ಚು ಹೊಂದುತ್ತದೆ. ದಾಖಲೆ ಅವರ ಕೈಯಲ್ಲೇ ಇದೆ, ತಿದ್ದುವ ಅಧಿಕಾರವೂ ಇದೆ, ಇಲ್ಲದಿರುವುದು ಬರೆಯುವ ಬಿಡುವು ಮಾತ್ರ. ಸಂಶೋಧನೆಯ ಒಪ್ಪಿಗೆಯನ್ನೂ ನೈತಿಕ ಸಮಿತಿಯ ಅನುಮತಿಯನ್ನೂ ತರಬೇತಿಗೆ ಅರ್ಜಿ ಹಾಕುವಾಗಲೇ ಆರಂಭಿಸಬೇಕು, ಏಕೆಂದರೆ ಘಟ್ಟಗಳ ಗಡುವು ಕಡತ ಬರುವವರೆಗೆ ಕಾಯುವುದಿಲ್ಲ. ಒಬ್ಬರೇ ಹೋಗುವುದಕ್ಕಿಂತ ವೈದ್ಯಕೀಯ ಕಾಲೇಜಿನ ಅಧ್ಯಾಪಕರೊಬ್ಬರ ಜೋಡಿಯಾಗಿ ಅರ್ಜಿ ಹಾಕಿದರೆ, ಒಬ್ಬರಿಗೆ ವರ್ಗವಾದರೂ ಕೆಲಸ ನಿಲ್ಲುವುದಿಲ್ಲ.

ಯಾದಗಿರಿಯ ನರ್ಸಿಂಗ್ ಅಧ್ಯಾಪಕಿಯೊಬ್ಬರು ಕಳೆದ ವರ್ಷ ಇದೇ ಪ್ರಶ್ನೆ ಕೇಳಿದಾಗ, ಅವರ ಬಳಿ ಆಗಲೇ ಒಂದು ಪ್ರಶ್ನೆಯಿತ್ತು: ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದ್ದರೂ, ತವರಿಗೆ ಹೋದ ಹೆಣ್ಣುಮಕ್ಕಳು ಅಲ್ಲಿನ ಅಂಗನವಾಡಿಗೆ ಹೋಗುತ್ತಾರೆಯೇ? ಪದವಿಗೆ ಹೋಗಬೇಡಿ, ಮೊದಲು ಶನಿವಾರದ ಗುಂಪಿಗೆ ಬನ್ನಿ ಎಂದೆ. ಈಗ ಅವರು ಎರಡು ಅಂಗನವಾಡಿಗಳ ಕಾರ್ಯಕರ್ತೆಯರನ್ನೂ ಕರೆತರುತ್ತಾರೆ, ಪ್ರಸ್ತಾವನೆಯ ನಾಲ್ಕನೆಯ ಕರಡು ನನ್ನ ಮೇಜಿನ ಮೇಲಿದೆ, ಮತ್ತು ಅದರಲ್ಲಿನ ಮುಖ್ಯ ಪ್ರಶ್ನೆಯನ್ನು ತಿದ್ದಿದವರು ಆ ಇಬ್ಬರು ಕಾರ್ಯಕರ್ತೆಯರು.